ನಮ್ಮ ಅಂಗಡಿಯ ಚೀಲ

ಬ್ಯಾಡಗಿಯವಳು ಅಂದ ಕೂಡಲೇ ಜನ ಎರಡು ಮಾತನ್ನು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಒಂದು, ಇವಳು ಬೆಂಕಿಯಂಥ ಖಾರ ತಿನ್ನುತ್ತಾಳೆ. ಎರಡು, ಇವಳು ಚೀಲ ಎತ್ತಿ ಬೆಳೆದವಳು. ಎರಡೂ ಸುಳ್ಳು. ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇನ್ನು ಚೀಲದ ಮಾತು. ನಮ್ಮದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಚೀಲ ಎತ್ತುವವರು ಹಮಾಲರು. ನಮ್ಮ ಮಾವ ಶೇಖಪ್ಪನವರು ಮೀಸೆ ಮೂಡಿದಾಗಿನಿಂದ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡಿದವರು, ಇವತ್ತಿನವರೆಗೂ ಒಂದು ಚೀಲಕ್ಕೆ ಹೆಗಲು ಕೊಟ್ಟವರಲ್ಲ. ಆ ಮನೆಯ ಸೊಸೆ ನಾನು, ಶ್ರೀದೇವಿ. ಅಡುಗೆಮನೆಯ ಅಕ್ಕಿ ಚೀಲವನ್ನು ಸರಿಸಬೇಕೆಂದರೂ ಅಂಗಡಿಯಿಂದ ಯಾರನ್ನಾದರೂ ಕರೆಸುವ ಮನೆ ನಮ್ಮದು.

ಓಡುವುದು ಮಾತ್ರ ನನಗೆ ತವರಿನಿಂದ ಬಂದದ್ದು. ನನ್ನ ತವರು ಮೋಟೆಬೆನ್ನೂರು. ಶಾಲೆಯ ದಿನಗಳಿಂದಲೂ ಓಟದಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ. ಮದುವೆಯಾಗಿ ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಓಡತೊಡಗಿದೆ. ಗಂಡ ಶಶಿಕಾಂತ ಬೂಟು ಕೊಡಿಸಿ, ‘ನಿನ್ನ ಸಿಟ್ಟು ಅಲ್ಲೇ ರಸ್ತಾದ ಮ್ಯಾಲೆ ಖರ್ಚಾಗ್ಲಿ’ ಎಂದು ಹರಸಿದ.

ಹೋದ ವರ್ಷ ಹಾವೇರಿಯ ಕ್ರೀಡಾಂಗಣದಲ್ಲಿ ಹೈಬ್ರಿಡ್ ರೇಸು ಎಂದು ಒಂದನ್ನು ಇಟ್ಟರು. ಹೈಬ್ರಿಡ್ ಎಂದು ಕೇಳಿ ಅತ್ತೆ ಪ್ರೇಮವ್ವ, ‘ರಾಣೇಬೆನ್ನೂರಾಗ ಮಾರ್ತಾರಲ್ಲ ಹತ್ತಿ ಬೀಜ, ಅದರ ರೇಸೇನವಾ?’ ಎಂದರು. ಅಲ್ಲ. ಮೈದಾನವನ್ನು ಸುತ್ತಿ ಓಡಬೇಕು, ನಿಂತು ಒಂದು ಭಾರದ ಕೆಲಸ ಮಾಡಬೇಕು, ಮತ್ತೆ ಓಡಬೇಕು, ಮತ್ತೊಂದು ಕೆಲಸ ಮಾಡಬೇಕು. ಸ್ಲೆಡ್ ಎಂಬ, ತೂಕ ಹೇರಿದ ಗಾಲಿಯಿಲ್ಲದ ಕಬ್ಬಿಣದ ಬಂಡಿ ನೂಕುವುದು, ಅದನ್ನೇ ಹಗ್ಗ ಹಿಡಿದು ಎಳೆಯುವುದು, ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಮರಳಿನ ಚೀಲ ಹೊತ್ತು ಹೆಜ್ಜೆಗೊಮ್ಮೆ ಮಂಡಿಯನ್ನು ನೆಲಕ್ಕೆ ತಾಗಿಸುತ್ತ ಹೋಗುವುದು, ಕೊನೆಗೆ ಭಾರದ ಚೆಂಡನ್ನು ಗೋಡೆಯ ಮೇಲಿನ ಗುರುತಿಗೆ ಎಸೆಯುವುದು. ಬರೀ ಓಡುವವರು ಎತ್ತುವಲ್ಲಿ ಸಾಯುತ್ತಾರೆ. ಬರೀ ಎತ್ತುವವರು ಓಡುವಲ್ಲಿ ಸಾಯುತ್ತಾರೆ.

ನಾನು ಎತ್ತುವಲ್ಲಿ ಸತ್ತೆ. ಮೂರು ಕೆಲಸಗಳವರೆಗೂ ಎಲ್ಲರಿಗಿಂತ ಮುಂದಿದ್ದವಳು ಮರಳಿನ ಚೀಲದ ಹತ್ತಿರ ಬಂದು ಕುಸಿದೆ. ಹೊರುತ್ತೇನೆ, ಇಡುತ್ತೇನೆ, ಹೊರುತ್ತೇನೆ, ಇಡುತ್ತೇನೆ. ಅಷ್ಟರಲ್ಲಿ ಕುಪ್ಪೇಲೂರಿನ ದೀಪಿಕಾ ಬಂದಳು. ರೈತರ ಮಗಳು, ರಾಣೇಬೆನ್ನೂರಿನಲ್ಲಿ ಕಾಲೇಜು ಓದುತ್ತಾಳೆ. ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡು ನನ್ನ ಪಕ್ಕದಿಂದ ಸಾಗಿದಳು. ಗೆದ್ದದ್ದು ಹೋಗಲಿ. ಬಹುಮಾನ ತೆಗೆದುಕೊಂಡು ಇಳಿಯುವಾಗ ನನ್ನನ್ನು ನೋಡಿ ನಗುತ್ತ ಅಂದಳು:

‘ಬ್ಯಾಡಗಿಯವ್ರಾಗಿ ಚೀಲ ಎತ್ತಾಕ ಬರಂಗಿಲ್ಲೇನ್ರಿ ಅಕ್ಕಾರ?’

ಕುಚೋದ್ಯಕ್ಕೆ ಅಂದದ್ದು, ನನಗೂ ಗೊತ್ತು. ಆದರೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಸಿಪ್ಪೆಯ ಹಾಗೆ ವರ್ಷವಿಡೀ ಉಳಿಯಿತು. ರೊಟ್ಟಿ ಬಡಿಯುವಾಗ ಅದೇ, ಮಕ್ಕಳಿಗೆ ಜಡೆ ಹೆಣೆಯುವಾಗ ಅದೇ. ಮುಂದಿನ ರೇಸಿನಲ್ಲಿ ಇದೇ ದೀಪಿಕಾಳನ್ನು ಇದೇ ಚೀಲದ ಹತ್ತಿರವೇ ಹಿಂದೆ ಹಾಕಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಬೇರೆ ಎಲ್ಲಾದರೂ ಗೆದ್ದರೆ ಅದು ನನಗೆ ಗೆಲುವೇ ಅಲ್ಲ.

ರಾಣೇಬೆನ್ನೂರಿನಲ್ಲಿ ಮುಸ್ತಾಕ್ ಎಂಬವರದೊಂದು ಜಿಮ್ ಇದೆ. ಬೆಳಗಿನ ರೈಲು ಹಿಡಿದು ಅಲ್ಲಿಗೆ ಹೋಗತೊಡಗಿದೆ. ಮೊದಲ ದಿನ ಅವರು ನನ್ನನ್ನು ಓಡಿಸಿ ನೋಡಿದರು. ನಾನು ಹುಮ್ಮಸ್ಸಿನಿಂದ ಹಾರಿ ಹೋಗಿ ಬಂದೆ, ಶಹಬ್ಬಾಸ್ ಅನ್ನಬಹುದೆಂದು ಕಾದೆ.

‘ಬಸ್ಸು ಬಿಟ್ಟು ಹೋಗಾಕತ್ತೈತೇನ್ರಿ ಅಕ್ಕಾರ?’ ಎಂದರು ಮುಸ್ತಾಕ್. ‘ಮೊದಲನೇ ಸುತ್ತಿನಾಗ ಉಸುರೆಲ್ಲಾ ಚೆಲ್ಲಿಬಿಡ್ತೀರಿ. ಚೀಲದ ಹತ್ರ ಬಂದಾಗ ಕೊಡದಾಗ ನೀರ ಇರಂಗಿಲ್ಲ. ನಿಮಗ ತಾಕತ್ತು ಕಮ್ಮಿ ಇಲ್ಲ, ಹಿಡಿತ ಕಮ್ಮಿ ಐತಿ.’

ನನಗೆ ಸಿಟ್ಟು ಬಂತು. ಮಾರನೆಯ ದಿನ ಹೋಗಬಾರದೆಂದುಕೊಂಡೆ, ಹೋದೆ. ಮುಸ್ತಾಕ್ ನನ್ನ ಓಟ ಬಿಡಿಸಲಿಲ್ಲ, ನಿಧಾನ ಮಾಡಿಸಿದರು. ಮಾತಾಡುತ್ತ ಓಡುವಷ್ಟು ನಿಧಾನ. ಓಡಿ ಬಂದ ಕೂಡಲೇ ನೀರು ಕುಡಿಯಲೂ ಬಿಡದೆ ಭಾರ ಕೊಡುತ್ತಿದ್ದರು. ದಣಿಯದೆ ಎತ್ತುವುದು ಯಾರಿಗಾದರೂ ಬರುತ್ತದೆ, ದಣಿದ ಮೇಲೆ ಎತ್ತುವುದೇ ಈ ರೇಸು ಎನ್ನುವುದು ಅವರ ಪಾಠ. ಚೀಲವನ್ನು ಒಂದೇ ಹೆಗಲಿಗೆ ತೂಗುಹಾಕಬೇಡಿ, ಕುತ್ತಿಗೆಯ ಹಿಂದೆ ಅಡ್ಡ ಹಾಕಿ ಎರಡೂ ಕೈಯಲ್ಲಿ ಅಪ್ಪಿಕೊಳ್ಳಿ ಎಂದರು. ಹೆಜ್ಜೆ ಚಿಕ್ಕದು ಮಾಡಿ, ಏಳುವಾಗ ಉಸಿರು ಬಿಡಿ ಎಂದರು. ಬೇಸಿಗೆ ಕಳೆಯುವುದರೊಳಗೆ ನನ್ನ ಕಾಲುಗಳು ಬೇರೆ ಯಾರದೋ ಕಾಲುಗಳಾದವು. ಮೆಟ್ಟಿಲು ಹತ್ತುವಾಗ ನನಗೇ ಖುಷಿಯಾಗುತ್ತಿತ್ತು.

ಜಿಮ್ಮಿಗೆ ಹೋಗದ ದಿನ ಯಾರ್ಡೇ ನನ್ನ ಮೈದಾನ. ರವಿವಾರ ವ್ಯಾಪಾರವಿಲ್ಲ. ಖಾಲಿ ಕೈಗಾಡಿಗೆ ಮರಳು ಹೇರಿ ನೂಕುತ್ತಿದ್ದೆ, ಮರಳಿನ ಚೀಲ ಹೊತ್ತು ಅಂಗಡಿಸಾಲಿನ ಮುಂದೆ ಮಂಡಿಯೂರುತ್ತ ಹೋಗುತ್ತಿದ್ದೆ. ಹಮಾಲರ ಸಂಘದ ಹೊಳಿಯಪ್ಪ ಅದನ್ನು ನೋಡಿ, ‘ಅಕ್ಕಾರ, ಸಂಘದಾಗ ಹೆಸರು ಹಚ್ಚಲೇನ್ರಿ?’ ಎಂದು ನಕ್ಕ. ಆ ನಗು ಮಾವನ ಕಿವಿಗೆ ಮುಟ್ಟಿತು. ರಾತ್ರಿ ಊಟಕ್ಕೆ ಕುಳಿತಾಗ ಅವರು ತಟ್ಟೆಯನ್ನು ನೋಡುತ್ತಲೇ ಮಾತು ತೆಗೆದರು:

‘ಓಡು, ಬ್ಯಾಡ ಅನ್ನಂಗಿಲ್ಲ. ಆದ್ರ ದಲಾಲಿ ಅಂಗಡಿ ಸೊಸಿ ಯಾರ್ಡಿನಾಗ ಚೀಲ ಹೊತ್ರ, ನಾಳೆ ಹಮಾಲರ ಮುಂದ ನಾ ಹೆಂಗ ಗಾದಿ ಮ್ಯಾಲೆ ಕುಂದ್ರಲಿ? ಅಡಕೀಗೆ ಹ್ವಾದ ಮಾನ ಆನಿ ಕೊಟ್ರೂ ಬರಂಗಿಲ್ಲ.’

‘ಕದ್ದ ಚೀಲ ಅಲ್ಲರಿ ಮಾವಾರ, ಹೊತ್ತ ಚೀಲ,’ ಎಂದೆ. ಶಶಿಕಾಂತ ಕೆಮ್ಮಿದ. ಅತ್ತೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಮಾವ ಆಮೇಲೆ ಒಂದು ತಿಂಗಳು ನನ್ನೊಡನೆ ನೇರವಾಗಿ ಮಾತಾಡಲಿಲ್ಲ. ಚಹಾ ಬೇಕಾದರೂ ಮೊಮ್ಮಗಳ ಮೂಲಕ ಕೇಳುತ್ತಿದ್ದರು.

ನಾನೂ ಬಿಡಲಿಲ್ಲ. ಕೊನೆಗೆ ಕರಗಿದವರು ಅವರೇ, ಅದೂ ತಮ್ಮದೇ ರೀತಿಯಲ್ಲಿ. ಈ ವರ್ಷ ರೇಸು ಹತ್ತಿರ ಬಂದಾಗ ಅದನ್ನು ನಡೆಸುವ ನಿವೃತ್ತ ದೈಹಿಕ ಶಿಕ್ಷಕ ವಿರೂಪಾಕ್ಷಪ್ಪ ಬ್ಯಾಡಗಿಗೆ ಬಂದಿದ್ದರು. ಹೋದ ವರ್ಷದ ರೆಗ್ಜಿನ್ ಚೀಲಗಳು ಹರಿದಿದ್ದವು, ಗಟ್ಟಿ ಗೋಣಿಚೀಲ ಬೇಕಾಗಿತ್ತು. ಮಾವ ಇದನ್ನು ಯಾರ ಬಾಯಿಂದಲೋ ಕೇಳಿ ತಾವೇ ಅವರನ್ನು ಅಂಗಡಿಗೆ ಕರೆಸಿ, ‘ಚೀಲ ನಮ್ಮ ಅಂಗಡೀಲಿಂದ ಬರ್ತಾವ್ರಿ ಸರ್, ನಮ್ಮ ಸೊಸಿನೂ ಓಡಾಕತ್ತಾಳ’ ಎಂದರಂತೆ. ಗೋಣಿಗಳನ್ನು ಝಾಡಿಸಿ, ಬಿಸಿಲಿಗೆ ಹಾಕಿ, ಎರಡು ಪದರಾಗಿ ಸಣ್ಣದಾಗಿ ಹೊಲಿಸಿ, ಪ್ರತಿಯೊಂದರ ಮೇಲೂ ದುಂಡನೆಯ ಗೆರೆಯೊಳಗೆ ‘ಶೇ’ ಎಂಬ ನಮ್ಮ ಅಂಗಡಿಯ ನೀಲಿ ಗುರುತು ಒತ್ತಿಸಿ ಕಳಿಸಿದ್ದರು. ಅದನ್ನು ಕೇಳಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಸಿಟ್ಟಿನವರಿಗೆ ಅಳು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ರೇಸಿನ ದಿನ ಮಾವ ಇಸ್ತ್ರಿ ಮಾಡಿದ ಧೋತ್ರ ಉಟ್ಟು, ಟೋಪಿ ಹಾಕಿಕೊಂಡು ನಮ್ಮ ಜೊತೆಗೇ ಹಾವೇರಿಗೆ ಬಂದರು. ಅವರನ್ನು ಪೆಂಡಾಲಿನ ಮುಂದಿನ ಸಾಲಿನಲ್ಲಿ ಕೂರಿಸಿದರು. ಮೈಕಿನಲ್ಲಿ, ‘ಚೀಲಗಳನ್ನು ಒದಗಿಸಿದ ಬ್ಯಾಡಗಿಯ ಶ್ರೀ ಶೇಖಪ್ಪನವರಿಗೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಮತ್ತೆ ಮತ್ತೆ ಹೇಳಿದರು. ಪ್ರತಿ ಸಲವೂ ಅವರು ಟೋಪಿ ಸರಿಪಡಿಸಿಕೊಂಡರು.

ಮೊದಲು ಗಂಡಸರ ಸರದಿ. ನಾನು ಬೇಲಿಯ ಹತ್ತಿರ ಮೈ ಬಿಸಿ ಮಾಡಿಕೊಳ್ಳುತ್ತ ನೋಡುತ್ತಿದ್ದೆ. ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಮರಳಿನ ಚೀಲದ ಹತ್ತಿರ ಬಂದ ಮೊದಲನೆಯವನು ಅದನ್ನು ಕುತ್ತಿಗೆಗೆ ಹಾಕಿಕೊಂಡ, ನಾಲ್ಕು ಹೆಜ್ಜೆ ಹೋದ, ಕೆಮ್ಮಿದ. ಎರಡನೆಯವನು ಸೀನತೊಡಗಿದ. ಮೂರನೆಯವನು ಚೀಲ ಕೆಳಗೆ ಹಾಕಿ ಕಣ್ಣು ಒರೆಸಿಕೊಂಡ, ಒರೆಸಿಕೊಂಡ ಮೇಲೆ ಇನ್ನೂ ಹೆಚ್ಚು ಒದ್ದಾಡಿದ. ಪಕ್ಕದಲ್ಲಿ ನಿಂತ ಜನ ಧೂಳು ಧೂಳು ಎಂದರು. ಗಂಡಸರೆಲ್ಲ ಕೆಮ್ಮುತ್ತ, ಸೀನುತ್ತ, ಹೇಗೋ ಮುಗಿಸಿದರು.

ಅದು ಧೂಳಲ್ಲ ಎಂದು ನನಗೆ ತಿಳಿದುಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ತಿರುಗಿ ಮಾವನ ಕಡೆ ನೋಡಿದೆ. ಅವರು ಆರಾಮವಾಗಿ ಚಹಾ ಕುಡಿಯುತ್ತಿದ್ದರು. ಓಡಿ ಹೋಗಿ ಕೇಳಿದೆ:

‘ಮಾವಾರ, ಚೀಲ ತೊಳಿಸಿದ್ರೇನ್ರಿ?’

‘ತೊಳಿಯೂದ್ಯಾಕ? ಗೋಣಿ ತೊಳದ್ರ ಲಗೂ ಕೊಳೀತಾವು. ಮೂರು ಸಲ ಝಾಡಿಸೇನಿ, ನಾನ ಮೂಸಿ ನೋಡೇನಿ. ಒಂಚೂರೂ ಘಾಟಿಲ್ಲ.’

ಅವರು ಸುಳ್ಳು ಹೇಳಲಿಲ್ಲ. ನಾನೂ ಹೋಗಿ ಒಂದು ಚೀಲಕ್ಕೆ ಮೂಗು ಹಚ್ಚಿದೆ. ನನಗೂ ಏನೂ ತಿಳಿಯಲಿಲ್ಲ. ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಉಂಡು ಮಲಗುವ ನಮ್ಮ ಮೂಗುಗಳು ಘಾಟಿನ ವಿಷಯದಲ್ಲಿ ಸತ್ತು ಎಷ್ಟೋ ಕಾಲವಾಗಿದೆ. ಬ್ಯಾಡಗಿಯವರು ಮೂಸಿ ನೋಡಿ ಪಾಸು ಮಾಡಿದ ಚೀಲವನ್ನು ಹಾವೇರಿಯಲ್ಲಿ ಹೊತ್ತವರ ಗತಿ ಹೀಗೆಯೇ ಆಗುವುದು. ಬೇರೆ ಊರಿನ ಯಾವ ದಡ್ಡನೂ ಈ ತಪ್ಪು ಮಾಡುತ್ತಿರಲಿಲ್ಲ.

ಆಗ ನನಗೆ ಇನ್ನೊಂದು ಹೊಳೆಯಿತು. ಮುಂದಿನದು ಹೆಂಗಸರ ಸರದಿ. ದೀಪಿಕಾ ಚೀಲ ಹೊತ್ತು ಸೀನುತ್ತಾಳೆ, ಕೆಮ್ಮುತ್ತಾಳೆ, ಕಣ್ಣು ಉಜ್ಜುತ್ತಾಳೆ. ನನಗೆ ಏನೂ ಆಗುವುದಿಲ್ಲ. ನಾನು ನಡೆದುಕೊಂಡು ಹೋದರೂ ಗೆಲ್ಲುತ್ತೇನೆ, ಅದೂ ಚೀಲದ ಹತ್ತಿರವೇ, ನಾನು ಬಯಸಿದ ಜಾಗದಲ್ಲೇ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮರುಕ್ಷಣವೇ ಸಿಟ್ಟು ಬಂತು. ವರ್ಷವಿಡೀ ರೈಲು ಹತ್ತಿ, ಬೆವರು ಸುರಿಸಿ, ಮಾವನ ಮುನಿಸು ನುಂಗಿ ಕಲಿತದ್ದೆಲ್ಲ ಒಂದು ಸೀನಿನ ಮುಂದೆ ದಂಡವಾಗಬೇಕೇ? ನಾನು ದೀಪಿಕಾಳನ್ನು ಸೋಲಿಸಬೇಕಿತ್ತು. ಮೆಣಸಿನಕಾಯಿ ಸೋಲಿಸಿದರೆ ನನಗೇನು ಬಂತು?

ಎದುರಿಗೆ ಮಾವ ಇದ್ದರು. ಹೇಳಿದರೆ ಅವರ ಮಾನ ಹೋಗುತ್ತದೆ, ಅದೂ ನನಗಾಗಿ ಮೊದಲ ಸಲ ಅವರು ಮುಂದೆ ಬಂದ ದಿನ. ‘ಮಾವಾರ, ಘಾಟು ಐತ್ರಿ. ನಮಗ ಗೊತ್ತಾಗವಲ್ದು. ನಾ ಹೇಳಬೇಕಾಗತೈತಿ’ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಕೈಯಲ್ಲಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

ನಾನು ವಿರೂಪಾಕ್ಷಪ್ಪನವರಿಗೆ ಮೆಲ್ಲಗೆ ಹೇಳಬೇಕೆಂದು ಹೋದೆ. ಆದರೆ ಅವರ ಕೈಯಲ್ಲಿ ಮೈಕು ಇತ್ತು, ಮೈಕು ಚಾಲೂ ಇತ್ತು, ನನ್ನ ಗಂಟಲು ಮೊದಲೇ ದೊಡ್ಡದು. ಶೇಖಪ್ಪನವರ ಚೀಲದಲ್ಲಿ ಮೆಣಸಿನಕಾಯಿ ಘಾಟಿದೆ ಎಂಬುದು ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. ಜನ ಘೊಳ್ಳೆಂದು ನಕ್ಕರು. ನಾನು ತಿರುಗಿ ನೋಡಿದಾಗ ಮುಂದಿನ ಸಾಲಿನ ಕುರ್ಚಿ ಖಾಲಿಯಾಗಿತ್ತು. ಧೋತ್ರದ ಚುಂಗು ಕೈಯಲ್ಲಿ ಹಿಡಿದು ಮಾವ ಗೇಟಿನ ಕಡೆಗೆ ಹೋಗುತ್ತಿದ್ದರು.

‘ಈಗ ಬ್ಯಾರೆ ಚೀಲ ಎಲ್ಲಿಂದ ತರೂದವಾ?’ ವಿರೂಪಾಕ್ಷಪ್ಪ ತಲೆಗೆ ಕೈ ಇಟ್ಟುಕೊಂಡರು.

‘ಬ್ಯಾರೆ ಬ್ಯಾಡ್ರಿ ಸರ್. ನಮ್ಮ ಯಾರ್ಡಿನಾಗ ಘಾಟು ಎದ್ರ ನೀರು ಹೊಡಿತಾರ. ಮೈದಾನಕ್ಕ ಹೊಡಿಯೂ ಟ್ಯಾಂಕರ್ ಅಲ್ಲೇ ನಿಂತೈತಲ್ಲ, ಚೀಲ ಪೂರಾ ತೋಯಿಸ್ರಿ.’

‘ಮರಳು ತೋಯ್ದ್ರ ತೂಕ ಜಾಸ್ತಿ ಆಗತೈತಿ.’

‘ಎಲ್ಲಾರಿಗೂ ಜಾಸ್ತಿ ಆಗತೈತಲ್ಲರಿ.’

ಹಾಗೆ ಹೇಳಿದ ಮೇಲೆ ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಎಲ್ಲಿ ಸೋತಿದ್ದೆನೋ ಆ ಭಾರವನ್ನೇ ಇನ್ನಷ್ಟು ಹೆಚ್ಚಿಸಿ ತಲೆಯ ಮೇಲೆ ಎಳೆದುಕೊಂಡಿದ್ದೆ. ದೂರದಲ್ಲಿ ನಿಂತಿದ್ದ ಮುಸ್ತಾಕ್ ಹಣೆ ಹಣೆ ಬಡಿದುಕೊಂಡರು. ವಿರೂಪಾಕ್ಷಪ್ಪ ಹೆಂಗಸರನ್ನೆಲ್ಲ ಕರೆದು ಒಪ್ಪಿಗೆ ಕೇಳಿದರು. ದೀಪಿಕಾಳೇ ಮೊದಲು ಹೂಂ ಎಂದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ನಿಂತು ಕೇಳಿದಳು:

‘ಸುಮ್ನ ಇದ್ದಿದ್ರ ನೀವ ಗೆಲ್ತಿದ್ರಲ್ಲರಿ ಅಕ್ಕಾರ?’

‘ಗೆಲ್ಲೂದು ಬ್ಯಾರೆ, ನೀ ಸೀನಿಕೋತ ಕುಂತಾಗ ಮುಂದ ಹೋಗೂದು ಬ್ಯಾರೆ,’ ಎಂದೆ. ‘ಚೀಲ ಎತ್ತಾಕ ಬರ್ತೈತೋ ಇಲ್ಲೋ ಇವತ್ತ ನೋಡು.’

ಅವಳು ನಕ್ಕಳು. ಹೋದ ವರ್ಷದ ಆ ನಗು ಅಲ್ಲ.

ಸೀಟಿ ಊದಿದರು. ಎಲ್ಲರೂ ನುಗ್ಗಿದರು, ನಾನು ನುಗ್ಗಲಿಲ್ಲ. ಮೊದಲ ಸುತ್ತಿನಲ್ಲಿ ಐದಾರು ಮಂದಿ ನನ್ನನ್ನು ದಾಟಿ ಹೋದರು. ಹೋಗಲಿ, ಬಸ್ಸು ಬಿಟ್ಟು ಹೋಗುತ್ತಿಲ್ಲ ಎಂದುಕೊಂಡೆ. ಸ್ಲೆಡ್ ನೂಕುವಾಗ ಕೈ ನೇರ, ಹೆಜ್ಜೆ ಗಿಡ್ಡ. ಯಾರ್ಡಿನ ಕೈಗಾಡಿಗಿಂತ ಇದು ಎಷ್ಟೋ ಮೃದುವಾಗಿತ್ತು. ಹಗ್ಗ ಎಳೆದು ಮುಗಿಸುವಾಗ ಮುಂದಿದ್ದವರಲ್ಲಿ ಮೂವರು ಸೊಂಟ ಹಿಡಿದು ನಿಂತಿದ್ದರು. ಎರಡೂ ಕೈಯಲ್ಲಿ ಭಾರ ಹಿಡಿದು ನಡೆದಾಗ ಇನ್ನಿಬ್ಬರು ಹಿಂದೆ ಬಿದ್ದರು. ಆಮೇಲಿನ ಸುತ್ತಿನ ತಿರುವಿನಲ್ಲಿ ನನ್ನ ಮುಂದೆ ಉಳಿದದ್ದು ದೀಪಿಕಾಳ ಜಡೆ ಒಂದೇ. ನನ್ನ ಉಸಿರು ನನ್ನ ಕೈಯಲ್ಲೇ ಇತ್ತು. ಹೋದ ವರ್ಷ ಇದೇ ತಿರುವಿನಲ್ಲಿ ಕಣ್ಣು ಕತ್ತಲೆ ಬಂದಿತ್ತು.

ಚೀಲಗಳು ನೀರು ಸೋರುತ್ತ ಸಾಲಾಗಿ ಬಿದ್ದಿದ್ದವು. ದೀಪಿಕಾ ಎತ್ತಿಕೊಂಡು ಹೊರಟಿದ್ದಳು. ಘಾಟು ಅಡಗಿತ್ತು, ಯಾರೂ ಸೀನಲಿಲ್ಲ. ನಾನು ಬಗ್ಗಿ ಎತ್ತಿದೆ. ಅಯ್ಯೋ ಶಿವನೇ, ಅದು ಚೀಲವಲ್ಲ, ಎಮ್ಮೆಯ ಕರು. ಕುತ್ತಿಗೆಯ ಹಿಂದೆ ಅಡ್ಡ ಹಾಕಿ ಅಪ್ಪಿಕೊಂಡೆ. ಕೆಂಪು ನೀರು ಬೆನ್ನಿನ ಗುಂಟ ಇಳಿಯಿತು, ಬೆವರಿಗೆ ತಾಗಿ ಚರ್ಮ ಚುರುಚುರು ಎಂದಿತು. ಮೂಗು ಸತ್ತಿದ್ದರೂ ಕುತ್ತಿಗೆ ಸತ್ತಿರಲಿಲ್ಲ. ಉರಿ ಅವಳಿಗೂ ನನಗೂ ಒಂದೇ ಎಂದುಕೊಂಡು ಮಂಡಿಯೂರಿದೆ, ಎದ್ದೆ, ಉಸಿರು ಬಿಟ್ಟೆ.

ಅರ್ಧ ದಾರಿಗೆ ದೀಪಿಕಾ ಚೀಲ ಕೆಳಗಿಟ್ಟಳು. ನಾನು ಅವಳ ಸಮಕ್ಕೆ ಬಂದೆ. ಅವಳು ಮತ್ತೆ ಎತ್ತಿಕೊಂಡು ನನ್ನ ಜೊತೆಗೇ ಬಂದಳು. ಗಟ್ಟಿ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ತೊಡೆಗಳು ನಡುಗತೊಡಗಿದವು. ಬೆರಳು ಒದ್ದೆ ಗೋಣಿಯ ಮೇಲೆ ಜಾರತೊಡಗಿದವು. ಇಟ್ಟುಬಿಡೋಣ, ಒಂದೇ ಒಂದು ಸಲ ಇಟ್ಟು ಎತ್ತೋಣ ಎಂದು ಮೈಯೆಲ್ಲ ಬೇಡಿಕೊಂಡಿತು. ಹೋದ ವರ್ಷವೂ ಒಂದೇ ಒಂದು ಸಲ ಎಂದೇ ಇಟ್ಟಿದ್ದೆ.

ಆಗ, ಜನ ಒಳಗೆ ಬರದಂತೆ ಕಟ್ಟಿದ್ದ ಹಗ್ಗದ ಆಚೆಯಿಂದ ಆ ದನಿ ಕೇಳಿಸಿತು. ಹರಾಜಿನ ದಿನ ಇಡೀ ಅಂಗಡಿಸಾಲಿಗೆ ಕೇಳುವ ದನಿ.

‘ಕೆಳಗ ಇಡಬ್ಯಾಡ ಶ್ರೀದೇವಿ. ನಮ್ಮ ಅಂಗಡಿ ಚೀಲ ಐತಿ ಅದು.’

ಮಾವ ಟೋಪಿ ಕೈಯಲ್ಲಿ ಹಿಡಿದು ಹಗ್ಗಕ್ಕೆ ಎದೆ ಒತ್ತಿ ನಿಂತಿದ್ದರು. ಗೇಟು ದಾಟಿ ಹೋಗಿರಲಿಲ್ಲ. ನಾನು ಹೆಜ್ಜೆ ಹಾಕಿದರೆ ಅವರೂ ಆ ಕಡೆಯಿಂದ ಹೆಜ್ಜೆ ಹಾಕಿದರು. ನಾನು ಮಂಡಿಯೂರಿದರೆ ಅವರೂ ಅಷ್ಟಿಷ್ಟು ಬಗ್ಗಿದರು. ‘ಹೂಂ, ಇನ್ನೊಂದು. ಹೂಂ, ಇನ್ನೊಂದು’ ಎನ್ನುತ್ತಲೇ ಇದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಘಾಟಿಗಂತೂ ಅಲ್ಲ. ಪಕ್ಕದಲ್ಲಿ ದೀಪಿಕಾಳ ಚೀಲ ಎರಡನೆಯ ಸಲ ದೊಪ್ಪೆಂದಿತು. ನನ್ನದು ಗೆರೆ ಮುಟ್ಟುವವರೆಗೂ ಕುತ್ತಿಗೆಯ ಮೇಲೇ ಇತ್ತು.

ಕೊನೆಯ ಸುತ್ತು ಓಟ. ಓಟದಲ್ಲಿ ನನಗೆ ಯಾರು ಕಲಿಸಬೇಕು? ಕೂಡಿಟ್ಟ ಉಸಿರನ್ನೆಲ್ಲ ಅಲ್ಲಿ ಬಿಚ್ಚಿದೆ. ಚೆಂಡು ಎಸೆಯುವಲ್ಲಿ ದೀಪಿಕಾ ನನ್ನ ಬೆನ್ನಿಗೇ ಬಂದಳು, ಒಂದು ಎಸೆತ ನನ್ನದು, ಒಂದು ಅವಳದು. ನನ್ನ ಕೊನೆಯ ಚೆಂಡು ಗುರುತಿಗೆ ತಾಗಿ ಕೆಳಗೆ ಬಿದ್ದಾಗ ಅವಳ ಕೈಯಲ್ಲಿ ಇನ್ನೂ ಚೆಂಡಿತ್ತು. ನಾನು ನೆಲಕ್ಕೆ ಬಿದ್ದು ಆಕಾಶ ನೋಡುತ್ತ ಮಲಗಿದೆ. ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅವಳ ಹೆಗಲೂ ನನ್ನ ಹೆಗಲೂ ಒಂದೇ ಕೆಂಪು.

‘ಈ ಬಣ್ಣ ಹೋಗತೈತೇನ್ರಿ ಅಕ್ಕಾರ?’

‘ಬ್ಯಾಡಗಿ ಬಣ್ಣ. ಬರೂ ವರ್ಷದ ತನಕಾ ಇರ್ತೈತಿ,’ ಎಂದೆ.

ವೇದಿಕೆಯ ಮೇಲೆ ನನಗೆ ಏಲಕ್ಕಿ ಮಾಲೆ ಹಾಕಿದರು. ಎರಡನೆಯವಳಾಗಿ ದೀಪಿಕಾ ಪಕ್ಕದಲ್ಲಿ ನಿಂತಳು. ಫೋಟೋ ಮುಗಿಯುವುದರೊಳಗೆ ಮಾವ ಮೆಟ್ಟಿಲು ಹತ್ತಿ ಬಂದು ವಿರೂಪಾಕ್ಷಪ್ಪನವರ ಕೈಯಿಂದ ಮೈಕು ಕೇಳಿ ಇಸಿದುಕೊಂಡರು. ಶಶಿಕಾಂತ ಕೆಳಗಿನಿಂದ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದ, ತಪ್ಪು ಮಾಡಿದವಳು ನಾನೇ ಎಂಬಂತೆ. ಮಾವ ಗಂಟಲು ಸರಿಪಡಿಸಿಕೊಂಡರು.

‘ಚೀಲದಾಗ ಘಾಟು ಇತ್ತು, ಖರೇ. ನನ್ನ ಮೂಗಿಗೆ ತಿಳೀಲಿಲ್ಲ, ತಪ್ಪು ನಂದು. ಬರೂ ವರ್ಷನೂ ಚೀಲ ನಮ್ಮ ಅಂಗಡೀಲಿಂದನ ಬರ್ತಾವು. ಮೂಸಿ ನೋಡಿ ಪಾಸ್ ಮಾಡಾಕ ಈ ಕುಪ್ಪೇಲೂರ ಹುಡುಗಿ ನಮ್ಮ ಮನಿಗೆ ಬರಬೇಕು.’

ಜನ ನಕ್ಕರು. ಮಾವ ನಗಲಿಲ್ಲ. ಟೋಪಿ ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು.

‘ಹೊರಾಕ ನಮ್ಮ ಸೊಸಿ ಇದ್ದಾಳ.’

ಅಷ್ಟು ಹೇಳಿ ಮೈಕು ಕೊಟ್ಟು ಕೆಳಗೆ ಇಳಿದರು.